ಪಂದ್ಯಕ್ಕಿಳಿಯದ ದೋಣಿ

(ಸಂಘದ ಕೂಟವೊಂದರಲ್ಲಿ ಮಾಡಿದ ಭಾಷಣ)



ಈ ದಿನ ಮಾತನಾಡಬೇಕೆಂದು ಕಾರ್ಯದರ್ಶಿಗಳು ನಮ್ಮನ್ನು ಹಿಡಿದಾಗ, “ಬ್ಯಾಂಕಿನವರಲ್ಲವೆ, ಉಳಿತಾಯದ ವಿಷಯವಾಗಿ ನಾಲ್ಕು ಮಾತು ಹೇಳಿ” ಎಂದರು. ತಿಂಗಳ ಇಪ್ಪತ್ತನೆಯ ತಾರೀಖು ಕಳೆದ ಮೇಲೆ ನಮ್ಮ ಮನೆಯಲ್ಲಿ ಉಳಿಯುವುದೆಷ್ಟೆಂಬುದನ್ನು ಚೆನ್ನಾಗಿ ಬಲ್ಲ ನಮ್ಮಾಕೆ ಈ ಸಭೆಯಲ್ಲಿಯೇ ಕುಳಿತಿರುವಾಗ ಆ ವಿಷಯವನ್ನು ಎತ್ತಿಕೊಳ್ಳುವ ಧೈರ್ಯ ನಮಗಾಗಲಿಲ್ಲ. ಆದ್ದರಿಂದ ದೋಣಿಯ ಪಂದ್ಯವನ್ನು ಕುರಿತು ಮಾತನಾಡುತ್ತೇವೆಂದು ಒಪ್ಪಿಕೊಂಡೆವು. ಬಯಲುಸೀಮೆಯಲ್ಲಿ ಹುಟ್ಟಿ, ಬಿ.ಕಾಂ. ಓದಿ, ಲೆಡ್ಜರು ತಿರುವಿದ ಗುಮಾಸ್ತೆಗೂ ದೋಣಿಗೂ ಏನು ಸಂಬಂಧವೆಂದು ತಾವು ಕೇಳಬಹುದು. ಊರಿಗೆ ಬಂದವರು ನೀರಿಗೆ ಬಾರದಿರುತ್ತಾರೆಯೆ?

ವರ್ಗವಾಗಿ ಈ ಊರಿಗೆ ಬಂದು ಲೇಕ್ ಗಾರ್ಡನ್ಸಿನಲ್ಲಿ ಮನೆ ಹಿಡಿದ ಮೊದಲ ವಾರದಲ್ಲಿಯೇ ನಾವು ಈ ‘ಲೇಕ್’ ಎಲ್ಲಿದೆಯೆಂದು ಹುಡುಕಿಕೊಂಡು ಹೊರಟೆವು. ರೈಲು ಹಳಿಯನ್ನು ದಾಟಿದರೆ ಅದೇ ಸರೋವರ. ಊರಿನ ಹಳಬರು ಇಂದಿಗೂ ಢಾಕುರಿಯಾ ಲೇಕ್ ಎನ್ನುತ್ತಾರೆ. 1958ರಲ್ಲಿ ಅದಕ್ಕೆ ರವೀಂದ್ರ ಸರೋವರ ಎಂದು ಹೆಸರಾಯಿತು. ದೇವರು ಮಾಡಿದ ಕೆರೆ ಇದಲ್ಲ, ಮನುಷ್ಯರು ಅಗೆದದ್ದು. 1920ರ ದಶಕದಲ್ಲಿ ಕಲ್ಕತ್ತಾ ಇಂಪ್ರೂವ್‌ಮೆಂಟ್ ಟ್ರಸ್ಟಿನವರು ಸುಮಾರು 192 ಎಕರೆ ಜೌಗು ನೆಲವನ್ನು ವಶಪಡಿಸಿಕೊಂಡು ಅಗೆಸಿದರು. ಇಂದು ನೀರು ನಿಂತಿರುವ ಭಾಗವೇ ಸುಮಾರು 73 ಎಕರೆ. ಅದರ ದಡದಲ್ಲಿ ದೋಣಿಮನೆಗಳಿವೆ. ಅವುಗಳಲ್ಲಿ ಹಿರಿಯದಾದ ಕಲ್ಕತ್ತಾ ರೋಯಿಂಗ್ ಕ್ಲಬ್ 1858ರಲ್ಲಿ ಹುಟ್ಟಿದ್ದು. ಮೊದಲು ಅದು ಹೂಗ್ಲಿಯ ದಡದಲ್ಲಿತ್ತು. ಆಮೇಲೆ ಕೆರೆಗೆ ಬಂತು. ನಮ್ಮಂತೆಯೇ ಅದೂ ವರ್ಗವಾಗಿ ಬಂದದ್ದೆಂದು ತಿಳಿದು ನಮಗೆ ಸ್ವಲ್ಪ ಆಪ್ತಭಾವ ಉಂಟಾಯಿತು.

ಲೇಕ್ ಮಾರ್ಕೆಟ್ಟಿಗೆ ಕರಿಬೇವು, ಬಾಳೆಯೆಲೆ, ಕಾಫಿಪುಡಿಗಾಗಿ ಹೋಗುವ ಭಾನುವಾರಗಳಂದು ನಾವು ದಾರಿ ಸುತ್ತಾದರೂ ಸರಿಯೆಂದು ಸರೋವರದ ಅಂಚಿನಲ್ಲಿಯೇ ನಡೆಯುತ್ತೇವೆ. ಬೆಳಗಿನ ಮಂಜಿನಲ್ಲಿ ಉದ್ದನೆಯ ದೋಣಿಗಳು ನೀರನ್ನು ಸೀಳಿಕೊಂಡು ಹೋಗುವುದನ್ನು ನೋಡಬೇಕು! ಎಂಟು ಜನ ಹುಟ್ಟು ಹಾಕುವ ದೋಣಿಯ ಉದ್ದ ಸುಮಾರು 17 ಮೀಟರು. ಅಗಲವೋ, ಒಬ್ಬ ಹುಡುಗ ಕುಳಿತರೆ ಮುಗಿಯಿತು. ಹುಟ್ಟು ಹಾಕುವವರೆಲ್ಲರೂ ಗುರಿಗೆ ಬೆನ್ನು ಮಾಡಿ ಕುಳಿತಿರುತ್ತಾರೆ. ಎದುರಿಗೆ ನೋಡುವವನು ಚುಕ್ಕಾಣಿ ಹಿಡಿದ ಹುಡುಗನೊಬ್ಬನೇ. ಗುರಿಯನ್ನು ಕಾಣದೆಯೆ, ಕಂಡವನ ಮಾತನ್ನು ನಂಬಿ, ಮೈಯಲ್ಲಿರುವ ಬಲವನ್ನೆಲ್ಲ ಸುರಿಯುವುದೇ ಆ ಆಟ.

ಈ ಆಟ ನಮ್ಮ ಮನೆಯ ಒಳಕ್ಕೆ ಬಂದದ್ದು ಒಂದು ಕಾಗದದ ರೂಪದಲ್ಲಿ. ಹನ್ನೆರಡು ವರ್ಷದ ನಮ್ಮ ಮಗ ಒಂದು ಸಂಜೆ ಚೀಲದಿಂದ ಅದನ್ನು ತೆಗೆದು ಮೇಜಿನ ಮೇಲಿಟ್ಟ. ದೋಣಿ ಕಲಿಯಲು ಪೋಷಕರ ಒಪ್ಪಿಗೆಯ ಪತ್ರ. ಕೆಳಗೆ ರುಜುವಿಗೆ ಒಂದು ಗೆರೆ. ದಿನಕ್ಕೆ ನೂರಾರು ರುಜು ಹಾಕುವ ಕೈ ನಮ್ಮದು. ಲೇಖನಿ ತೆಗೆದೂ ಆಗಿತ್ತು. ನಮ್ಮಾಕೆ ಒಳಗಿನಿಂದ ಬಂದು ಓದಿ ನೋಡಿ, “ಕಾಗದಕ್ಕೆ ನೀವು ರುಜು ಹಾಕುತ್ತೀರಿ. ಗಾಳಿಗೆ ಯಾರು ಹಾಕುತ್ತಾರೆ?” ಎಂದು ಕೇಳಿದರು. ಲೇಖನಿ ಜೇಬಿಗೆ ಹಿಂದಿರುಗಿತು.

ಅವರು ಏನನ್ನು ನೆನೆದು ಹಾಗೆಂದರೆಂಬುದು ಈ ಬಡಾವಣೆಯವರಿಗೆ ಗೊತ್ತಿದೆ. 2022ನೆಯ ಇಸವಿ ಮೇ 21, ಶನಿವಾರ ಸಂಜೆ. ಶಾಲೆಗಳ ನಡುವಣ ದೋಣಿಯ ಪಂದ್ಯಕ್ಕಾಗಿ ಐದು ಮಂದಿ ಹುಡುಗರು ಸರೋವರದಲ್ಲಿ ಅಭ್ಯಾಸ ಮಾಡುತ್ತಿದ್ದರು. ಕಾಲಬೈಶಾಖಿ ಎದ್ದಿತು. ನಮ್ಮ ಸೀಮೆಯಲ್ಲಿಯೂ ಮುಂಗಾರಿಗೆ ಮುಂಚೆ ಅಶ್ವಿನಿ ಭರಣಿಗಳ ಕಾಲದಲ್ಲಿ ಗುಡುಗು ಗಾಳಿ ಬಂದು ಮಾವಿನಕಾಯಿ ಉದುರಿಸುತ್ತದೆ. ಆದರೆ ಈ ಬಂಗಾಳದ ಬಿರುಗಾಳಿಯ ಸ್ವಭಾವವೇ ಬೇರೆ. ವಾಯವ್ಯದಲ್ಲಿ ಕಪ್ಪು ಮೋಡ ಕಾಣಿಸಿ, ನೋಡುತ್ತಿರುವಂತೆಯೇ ಬಂದು ಬಡಿಯುತ್ತದೆ. ದೋಣಿ ಮಗುಚಿತು. ಐವರಲ್ಲಿ ಇಬ್ಬರು ಹಿಂದಿರುಗಲಿಲ್ಲ. ಆಮೇಲೆ ಕೆಲವು ತಿಂಗಳು ಸರೋವರದಲ್ಲಿ ಹುಟ್ಟಿನ ಸದ್ದೇ ಇರಲಿಲ್ಲ. ಹೊಸ ನಿಯಮಗಳನ್ನು ಬರೆದ ಮೇಲೆ ಮತ್ತೆ ದೋಣಿಗಳು ಇಳಿದವು.

ಆ ದಿನಗಳಲ್ಲಿ ಪತ್ರಿಕೆಗಳಲ್ಲಿಯೂ ಚಹಾದ ಅಂಗಡಿಗಳಲ್ಲಿಯೂ ಒಂದೇ ಚರ್ಚೆ: ಹುಡುಗರ ಹಿಂದೆ ರಕ್ಷಣೆಯ ದೋಣಿ ಏಕಿರಲಿಲ್ಲ? ಎಣ್ಣೆಯ ಯಂತ್ರದ ದೋಣಿ ಕೆರೆಯ ನೀರನ್ನು ಕೆಡಿಸುತ್ತದೆಂಬ ವಾದವೊಂದು, ಅದಿಲ್ಲದೆ ಮಕ್ಕಳನ್ನು ನೀರಿಗಿಳಿಸಬಾರದೆಂಬ ವಾದ ಇನ್ನೊಂದು. ಎರಡರಲ್ಲಿಯೂ ನ್ಯಾಯವಿತ್ತು. ತಪ್ಪು ಯಾರದೆಂದು ಹೇಳುವ ಅಧಿಕಾರ ನಮಗಿಲ್ಲ; ಹೇಳಲು ನಾವು ಇಲ್ಲಿ ನಿಂತೂ ಇಲ್ಲ. ಆದರೆ ‘ರಕ್ಷಣೆಯ ದೋಣಿ’ ಎಂಬ ಮಾತು ನಮ್ಮ ಕಿವಿಯಲ್ಲಿ ಉಳಿಯಿತು. ಅದರ ಪೂರ್ಣ ಅರ್ಥ ನಮಗೆ ಆದದ್ದು ಮಾತ್ರ ಇಲ್ಲಿಂದ ಬಹುದೂರದಲ್ಲಿ, ಕಳೆದ ವರ್ಷ ರಜೆಯಲ್ಲಿ ಊರಿಗೆ ಹೋಗಿದ್ದಾಗ, ಕನ್ನಂಬಾಡಿಯ ಹಿನ್ನೀರಿನ ದಡದಲ್ಲಿ.

ನಮ್ಮ ಸೋದರಮಾವನ ಹಿರಿಯ ಮಗ ಸೈನ್ಯದಿಂದ ನಿವೃತ್ತರಾಗಿ ಮೈಸೂರಿನಲ್ಲಿ ನೆಲೆಸಿದ್ದಾರೆ. ಬೆಂಗಳೂರಿನ ಹಲಸೂರು ಕೆರೆಯಲ್ಲಿ ಸೈನ್ಯದ ಇಂಜಿನಿಯರುಗಳ ತೃಷ್ಣಾ ಸೇಲಿಂಗ್ ಕ್ಲಬ್ ಇರುವುದನ್ನು ತಾವು ಕೇಳಿರಬಹುದು. ‘ತೃಷ್ಣಾ’ ಎಂಬುದು ಆ ಇಂಜಿನಿಯರುಗಳ ಪಡೆಯವರು 1985ರಿಂದ 1987ರವರೆಗೆ ಭೂಮಂಡಲವನ್ನೇ ಸುತ್ತಿಬಂದ ಹಾಯಿದೋಣಿಯ ಹೆಸರು. ನಮ್ಮ ಭಾವನವರು ಹಾಯಿ ಕಟ್ಟುವುದನ್ನು ಸೈನ್ಯದಲ್ಲಿ ಕಲಿತವರು. ಈಗಲೂ ಆ ಹುಚ್ಚು ಬಿಟ್ಟಿಲ್ಲ. ನಾವು ಹೋದ ವಾರ ಹಿನ್ನೀರಿನಲ್ಲಿ ಒಂದು ಕ್ಲಬ್ಬಿನವರ ವಾರ್ಷಿಕ ಪಂದ್ಯವಿತ್ತು. ಶನಿವಾರ, ಭಾನುವಾರ ಎರಡು ದಿನ. “ನೀನು ಬಿ.ಕಾಂ. ಓದಿದವನಲ್ಲವೇನಯ್ಯ? ಬಾ, ಲೆಕ್ಕ ಬರಿ” ಎಂದು ಅವರು ನಮ್ಮನ್ನು ಎಳೆದುಕೊಂಡು ಹೋದರು. ಹೀಗೆ ಈಜು ಬಾರದ ನಾವು ದೋಣಿಪಂದ್ಯದ ಲೆಕ್ಕಿಗರಾದೆವು.

ಆಷಾಢದ ಗಾಳಿ. ಕಟ್ಟೆಯಲ್ಲಿ ನೀರು ಏರುತ್ತಿತ್ತು. ಅಲ್ಲಿ ಎಲ್ಲರ ಬಾಯಲ್ಲಿಯೂ 124.80 ಅಡಿಯ ಮಾತೇ. ಪಂದ್ಯಕ್ಕೆ ಬಂದಿದ್ದ ಹದಿನಾಲ್ಕು ದೋಣಿಗಳೂ ಮಕ್ಕಳವು. ಅವುಗಳಿಗೆ ‘ಆಪ್ಟಿಮಿಸ್ಟ್’ ಎಂದು ಹೆಸರು, ಅಂದರೆ ಆಶಾವಾದಿ. 1947ರಲ್ಲಿ ಅಮೆರಿಕದ ಫ್ಲಾರಿಡಾದ ಕ್ಲಾರ್ಕ್ ಮಿಲ್ಸ್ ಎಂಬಾತ ಬಡವರ ಮಕ್ಕಳಿಗೂ ಎಟುಕಲೆಂದು ಪ್ಲೈವುಡ್ ಹಲಗೆಯಲ್ಲಿ ಮಾಡಿದ ದೋಣಿ ಅದು. ಉದ್ದ 2.3 ಮೀಟರು; ನೋಡುವುದಕ್ಕೆ ಹಾಯಿ ಕಟ್ಟಿದ ಕಡಾಯಿಯ ಹಾಗಿರುತ್ತದೆ. ಒಂದು ದೋಣಿಗೆ ಒಂದೇ ಮಗು, ಹದಿನೈದು ವರ್ಷದೊಳಗಿನದು. ಗಾಳಿಗೆ ಎದುರಾಗಿ ನೇರ ಹೋಗುವ ಹಾಯಿದೋಣಿ ಜಗತ್ತಿನಲ್ಲಿಯೇ ಇಲ್ಲ. ಆಗುಂಬೆಯ ಘಾಟಿಯನ್ನು ಬಸ್ಸು ಏರುವಂತೆ ಅತ್ತ ಓರೆ, ಇತ್ತ ಓರೆ ತಿರುಗುತ್ತಲೇ ಮೇಲಿನ ಗುರುತನ್ನು ಮುಟ್ಟಬೇಕು.

ಪಂದ್ಯದ ಆರಂಭವೇ ಒಂದು ಚಂದ. ಐದು ನಿಮಿಷ ಮೊದಲು ಒಂದು ಬಾವುಟ ಏರುತ್ತದೆ, ನಾಲ್ಕು ನಿಮಿಷ ಮೊದಲು ಇನ್ನೊಂದು. ದೋಣಿಗಳನ್ನು ಕುದುರೆಗಳಂತೆ ನಿಲ್ಲಿಸಲಾಗುವುದಿಲ್ಲ. ಅವು ಗೆರೆಯ ಹಿಂದೆ ಸುತ್ತುತ್ತಲೇ ಇರುತ್ತವೆ. ಸರಿಯಾದ ಕ್ಷಣಕ್ಕೆ ಗೆರೆ ದಾಟಿದವನು ಜಾಣ, ಮುಂಚೆ ದಾಟಿದವನು ಹಿಂದಿರುಗಿ ಬಂದು ಮತ್ತೆ ದಾಟಬೇಕು.

ಲೆಕ್ಕ ಮಾತ್ರ ನಮ್ಮ ಬ್ಯಾಂಕಿನ ಲೆಕ್ಕಕ್ಕೆ ತಿರುಗುಮುರುಗು. ಮೊದಲು ಬಂದವನಿಗೆ ಒಂದು ಅಂಕ, ಎರಡನೆಯವನಿಗೆ ಎರಡು. ಕಡೆಗೆ ಯಾರ ಖಾತೆಯಲ್ಲಿ ಕಡಿಮೆ ಮೊತ್ತವೋ ಅವನೇ ಗೆದ್ದವನು. ಐದು ಪಂದ್ಯಗಳಾದರೆ ಪ್ರತಿಯೊಬ್ಬನಿಗೂ ಅವನ ಅತಿ ಕೆಟ್ಟ ಒಂದು ಪಂದ್ಯದ ಅಂಕವನ್ನು ಹೊಡೆದುಹಾಕುತ್ತಾರೆ. ಬದುಕಿನಲ್ಲಿ ಅಂಥದೊಂದು ನಿಯಮವಿದ್ದಿದ್ದರೆ!

ಇನ್ನೂ ಒಂದು ಮಾತು ನಮಗೆ ಅಚ್ಚರಿ ತಂದಿತು. ಆ ನೀರಿನ ಬಯಲಿನಲ್ಲಿ ಪ್ರತಿ ದೋಣಿಯ ಬಳಿಯೂ ಶೀಟಿ ಊದುವ ತೀರ್ಪುಗಾರನಿಲ್ಲ. ಇನ್ನೊಂದು ದೋಣಿಗೆ ತಪ್ಪಾಗಿ ಅಡ್ಡ ಬಂದ ಹುಡುಗ ತಾನಾಗಿಯೇ ಬೇರೆಯವರ ದಾರಿಯಿಂದ ಸರಿದು, ತನ್ನ ದೋಣಿಯನ್ನು ಎರಡು ಸುತ್ತು ತಿರುಗಿಸಿ ದಂಡ ತೆರಬೇಕು. ಗುರುತಿಗೆ ತಾಗಿಸಿದರೆ ಒಂದು ಸುತ್ತು. ಒಂಬತ್ತು ವರ್ಷದ ಹುಡುಗಿಯೊಬ್ಬಳು ಯಾರೂ ನೋಡದಿದ್ದಾಗ ಗುರುತಿಗೆ ತಾಗಿಸಿ, ತುಟಿ ಕಚ್ಚಿಕೊಂಡು ಒಂದು ಸುತ್ತು ತಿರುಗಿದ್ದನ್ನು ನಾವು ದೂರದರ್ಶಕದಲ್ಲಿ ಕಂಡೆವು. ಆಡಿಟರುಗಳು ಬರುವ ಮುನ್ನವೇ ತಪ್ಪನ್ನು ಒಪ್ಪಿಕೊಂಡ ಖಾತೆ ಎಷ್ಟಿವೆ ಎಂದು ನಮ್ಮ ವೃತ್ತಿಯವರೇ ಹೇಳಬೇಕು.

ಮೊದಲ ದಿನದ ಮೂರನೆಯ ಪಂದ್ಯ. ಮಧ್ಯಾಹ್ನದ ಗಾಳಿ ಇದ್ದಕ್ಕಿದ್ದಂತೆ ಬಲವಾಯಿತು. ನಾಲ್ಕು ದೋಣಿಗಳು ಒಂದರ ಹಿಂದೊಂದು ಮಗುಚಿದವು. ಮಗುಚಿದ ಹಾಯಿದೋಣಿ ಮುಳುಗುವುದಿಲ್ಲ; ಮಗು ಅದನ್ನು ಬಿಟ್ಟು ಈಜಬಾರದು, ಹಿಡಿದುಕೊಂಡಿರಬೇಕು; ಅಡಿಯ ಹಲಗೆಯ ಮೇಲೆ ಹತ್ತಿ ನಿಂತರೆ ದೋಣಿ ಎದ್ದು ಕೂರುತ್ತದೆ. ಇಬ್ಬರು ಹಾಗೆ ಎಬ್ಬಿಸಿಕೊಂಡರು. ಒಬ್ಬನ ಬಳಿಗೆ ರಕ್ಷಣೆಯ ದೋಣಿ ಧಾವಿಸಿತು. ನಾಲ್ಕನೆಯದು ಬಹು ಚಿಕ್ಕ ಹುಡುಗ; ದೋಣಿ ಪೂರ್ತಿ ತಲೆಕೆಳಗಾಗಿ, ಕೈ ಸೋತು ಅಂಚನ್ನು ಹಿಡಿದು ತೇಲುತ್ತಿದ್ದ. ಮೈಮೇಲೆ ತೇಲುವ ಜಾಕೀಟು ಇತ್ತು, ಆದರೆ ಅಳು ನಮಗೆ ದಡದವರೆಗೂ ಕೇಳಿಸಿತು. ಎರಡನೆಯ ಸ್ಥಾನದಲ್ಲಿ ಹೋಗುತ್ತಿದ್ದ ಹುಡುಗನೊಬ್ಬ ಹಾಯಿಯನ್ನು ಸಡಿಲ ಬಿಟ್ಟು ಹಿಂದಕ್ಕೆ ತಿರುಗಿದ. ಚಿಕ್ಕವನ ಪಕ್ಕದಲ್ಲಿ ದೋಣಿಯನ್ನು ನಿಲ್ಲಿಸಿ, ಅವನ ಜಾಕೀಟಿನ ಪಟ್ಟಿಯನ್ನು ಹಿಡಿದುಕೊಂಡು, ಯಂತ್ರದ ದೋಣಿ ಬರುವವರೆಗೆ ಮಾತನಾಡಿಸುತ್ತ ಕುಳಿತ. ಆಮೇಲೆ ಪಂದ್ಯ ಮುಂದುವರಿಸಿ ಒಂಬತ್ತನೆಯವನಾಗಿ ಬಂದ.

ನಾವು ಪುಸ್ತಕದಲ್ಲಿ 9 ಎಂದು ಬರೆದೆವು. ಲೆಕ್ಕಿಗನ ಕರ್ತವ್ಯ ಅಷ್ಟೇ ಎಂದುಕೊಂಡಿದ್ದೆವು.

ಮರುದಿನ ಐದು ಪಂದ್ಯಗಳೂ ಮುಗಿದಾಗ ಆ ಹುಡುಗನ ಅಂಕಗಳು 2, 3, 9, 1, 4. ಕೆಟ್ಟದಾದ 9ನ್ನು ಹೊಡೆದುಹಾಕಿದರೆ ಮೊತ್ತ 10. ಒಬ್ಬ ಹುಡುಗಿಯ ಅಂಕಗಳು 1, 2, 4, 2, 5. ಐದನ್ನು ಹೊಡೆದುಹಾಕಿದರೆ 9. ಹುಡುಗಿ ಮೊದಲನೆಯವಳೆಂದು ನಾವು ಗೆರೆ ಎಳೆದೆವು. ಭಾವನವರು ಇಣಿಕಿ ನೋಡಿ, “ಗೆರೆ ಎಳೆಯಬೇಡವಯ್ಯ, ವಿಚಾರಣೆ ಇದೆ” ಎಂದರು.

ಆಗ ನಮಗೆ ತಿಳಿಯಿತು: ಹಾಯಿಪಂದ್ಯದ ನಿಯಮಾವಳಿಯಲ್ಲಿ ಮೊಟ್ಟಮೊದಲು ಬರುವ ನಿಯಮ ಗಾಳಿಯನ್ನು ಕುರಿತದ್ದಲ್ಲ, ಗೆಲುವನ್ನು ಕುರಿತದ್ದೂ ಅಲ್ಲ. ಅಪಾಯದಲ್ಲಿರುವವರಿಗೆ ಸಾಧ್ಯವಾದ ಸಹಾಯವನ್ನೆಲ್ಲ ಮಾಡತಕ್ಕದ್ದು ಎಂಬುದು ಆ ನಿಯಮ. ಹಾಗೆ ಮಾಡಿ ಹಿಂದೆ ಬಿದ್ದವನಿಗೆ ನಷ್ಟವನ್ನು ತುಂಬಿಕೊಡುವ ಏರ್ಪಾಡೂ ಉಂಟು. ಉಳಿದ ಪಂದ್ಯಗಳ ಸರಾಸರಿಯನ್ನು ಕೊಡಬಹುದು. ಎರಡು, ಮೂರು, ಒಂದು, ನಾಲ್ಕು ಕೂಡಿದರೆ ಹತ್ತು. ನಾಲ್ಕರಿಂದ ಭಾಗಿಸಿದರೆ ಎರಡೂವರೆ. ಒಂಬತ್ತರ ಜಾಗದಲ್ಲಿ ಎರಡೂವರೆ ಬಂದರೆ ಹೊಡೆದುಹಾಕಬೇಕಾದ್ದು ನಾಲ್ಕು. ಮೊತ್ತ ಎಂಟೂವರೆ. ಹುಡುಗ ಮೊದಲನೆಯವನಾಗುತ್ತಾನೆ!

ಆದರೆ ಅವನು ಆಗ ಎರಡನೆಯ ಸ್ಥಾನದಲ್ಲಿದ್ದನೆಂದೂ, ತಾನಾಗಿ ತಿರುಗಿದನೆಂದೂ ಹತ್ತಿರದಿಂದ ಕಂಡವರು ಹೇಳಬೇಕು. ಕಂಡವಳು ಅವನ ಬೆನ್ನ ಹಿಂದೆಯೇ ಬರುತ್ತಿದ್ದ ಆ ಹುಡುಗಿ. ಅವಳಿಗೂ ಲೆಕ್ಕ ಬರುತ್ತಿತ್ತು. ತಲೆಗೂದಲಿನಿಂದ ಇನ್ನೂ ನೀರು ತೊಟ್ಟಿಕ್ಕುತ್ತಿರುವಂತೆಯೇ ಬಂದು ನಿಂತು, “ಹೌದು, ಅವನು ಮುಂದಿದ್ದ. ತಿರುಗಿದ್ದನ್ನು ನಾನೇ ನೋಡಿದೆ” ಎಂದಳು. ಅಷ್ಟೇ. ನಾವು 9ನ್ನು ಹೊಡೆದು 2.5 ಎಂದು ಬರೆದು, ಪಕ್ಕದಲ್ಲಿ ಚಿಕ್ಕ ರುಜು ಹಾಕಿದೆವು. ಹದಿನೈದು ವರ್ಷದ ಗುಮಾಸ್ತಿಕೆಯಲ್ಲಿ ಅಷ್ಟು ಸಂತೋಷದಿಂದ ಒಂದು ತಿದ್ದುಪಡಿಗೆ ನಾವು ರುಜು ಹಾಕಿದ್ದಿಲ್ಲ.

ಇಂಥದು ದೊಡ್ಡ ಸಮುದ್ರದಲ್ಲಿಯೂ ನಡೆದಿದೆಯೆಂದು ಭಾವನವರು ಅಂದು ರಾತ್ರಿ ಊಟಕ್ಕೆ ಕುಳಿತಾಗ ಹೇಳಿದರು. 1988ರ ಸೋಲ್ ಒಲಿಂಪಿಕ್ಸ್. ಹಾಯಿಪಂದ್ಯಗಳು ಪೂಸಾನ್ ಬಂದರಿನಲ್ಲಿ. ಸೆಪ್ಟೆಂಬರ್ 24ರಂದು ಫಿನ್ ದೋಣಿಗಳ ಪಂದ್ಯದಲ್ಲಿ ಕೆನಡಾದ ಲಾರೆನ್ಸ್ ಲೆಮ್ಯೂ ಎರಡನೆಯ ಸ್ಥಾನದಲ್ಲಿದ್ದರು. ಬೇರೊಂದು ಪಂದ್ಯದ ಸಿಂಗಪುರದ ದೋಣಿ ಮಗುಚಿ ಇಬ್ಬರು ನೀರಿನಲ್ಲಿರುವುದು ಕಂಡಿತು. ಅವರು ತಮ್ಮ ದಾರಿ ಬಿಟ್ಟು ಹೋಗಿ ಇಬ್ಬರನ್ನೂ ಮೇಲೆಳೆದುಕೊಂಡು, ಕಾವಲು ದೋಣಿಗೆ ಒಪ್ಪಿಸಿ, ಮತ್ತೆ ಬಂದು 22ನೆಯವರಾಗಿ ಮುಗಿಸಿದರು. ತೀರ್ಪುಗಾರರು ಆ ಪಂದ್ಯದಲ್ಲಿ ಅವರಿಗೆ ಎರಡನೆಯ ಸ್ಥಾನವನ್ನೇ ಕೊಟ್ಟರು. ಒಟ್ಟಿನಲ್ಲಿ ಅವರು 11ನೆಯವರಾದರು. ಪಂದ್ಯದ ಪದಕ ಬರಲಿಲ್ಲ. ಕ್ರೀಡಾಧರ್ಮಕ್ಕಾಗಿ ಕೊಡುವ ಪಿಯರ್ ದ ಕೂಬರ್ತಾ ಪದಕ ಬಂತು.

ಕಥೆ ಕೇಳಿ ನಮ್ಮ ಕಣ್ಣು ಒದ್ದೆಯಾಯಿತು. ಭಾವನವರು ಮಾತ್ರ ಸೈನಿಕರು, ತಟ್ಟೆಯಿಂದ ತಲೆಯೆತ್ತದೆಯೆ, “ಒಳ್ಳೆಯ ಹುಡುಗ ಹತ್ತಿರವಿದ್ದ ಎಂಬುದು ಅದೃಷ್ಟ. ಅದೃಷ್ಟದ ಮೇಲೆ ಪಂದ್ಯ ನಡೆಸಬಾರದು. ಇವತ್ತು ಎರಡು ರಕ್ಷಣೆಯ ದೋಣಿ ಇದ್ದವು, ಮೂರು ಇರಬೇಕಾಗಿತ್ತು. ಬರುವ ವರ್ಷ ಮೂರಿಲ್ಲದಿದ್ದರೆ ನಾನು ಬಾವುಟ ಏರಿಸುವುದಿಲ್ಲ” ಎಂದರು. ನಾವು ಹುಡುಗನ ಗುಣವನ್ನು ಹೊಗಳುತ್ತಿದ್ದೆವು. ಅವರು ದೋಣಿಗಳನ್ನು ಎಣಿಸುತ್ತಿದ್ದರು.

ಮಿತ್ರರೆ, ನಾವು ನಿಮಗೆ ಹೇಳಬೇಕೆಂದು ಬಂದದ್ದು ಇದೇ. ಪಂದ್ಯದ ದಿನ ದಡದಲ್ಲಿ ನಿಂತವರೆಲ್ಲ ಮುಂದಿನ ದೋಣಿಯನ್ನು ನೋಡುತ್ತಾರೆ. ಪಂದ್ಯಕ್ಕೇ ಇಳಿಯದೆ, ಬಹುಮಾನದ ಪಟ್ಟಿಯಲ್ಲಿ ಹೆಸರಿಲ್ಲದೆ, ಎರಡು ದಿನವೂ ಬಿಸಿಲಲ್ಲಿ ಕಾದುಕೊಂಡು ನಿಂತಿರುವ ದೋಣಿಯೊಂದಿದೆ. ಅದು ಸುಮ್ಮನೆ ನಿಂತಷ್ಟೂ ಒಳ್ಳೆಯದು. ಆದರೆ ಅದಿಲ್ಲದೆ ಉಳಿದವು ಹೊರಡಬಾರದು.

ಕಲ್ಕತ್ತೆಗೆ ಹಿಂದಿರುಗಿದ ಮೇಲೆ ನಾವೂ ನಮ್ಮಾಕೆಯೂ ಮಗನ ಕಾಗದವನ್ನು ಹಿಡಿದುಕೊಂಡು ಆ ದೋಣಿಮನೆಗೆ ಹೋದೆವು. ಕಲಿಸುವ ಉಪಾಧ್ಯಾಯರನ್ನು ಮೂರು ಪ್ರಶ್ನೆ ಕೇಳಿದೆವು. ಮಕ್ಕಳು ನೀರಿನಲ್ಲಿರುವಾಗ ರಕ್ಷಣೆಯ ದೋಣಿ ಎಲ್ಲಿರುತ್ತದೆ, ಅದರಲ್ಲಿ ಯಾರು ಕುಳಿತಿರುತ್ತಾರೆ? ಆಕಾಶವನ್ನು ನೋಡುವವರು ಯಾರು, ನೋಡಿ ಎಲ್ಲರನ್ನೂ ಹಿಂದಕ್ಕೆ ಕರೆಯುವ ಅಧಿಕಾರ ಯಾರಿಗಿದೆ? ದೋಣಿ ಮಗುಚಿದರೆ ಕಾಲು ಹೊರಬರುವುದು ಹೇಗೆ? ಅವರು ಬೇಸರಿಸಲಿಲ್ಲ. ಒಂದು ದೋಣಿಯನ್ನು ಹೊರತಂದು ತೋರಿಸಿದರು. ಹುಟ್ಟು ಹಾಕುವವನ ಬೂಟು ದೋಣಿಗೇ ಬಿಗಿದಿರುತ್ತದೆ; ಹಿಮ್ಮಡಿಗೆ ಒಂದು ದಾರ ಕಟ್ಟಿರುತ್ತದೆ. ದಾರ ಗಿಡ್ಡವಾಗಿದ್ದರೆ ಮಗುಚಿದಾಗ ಬೂಟು ಕೆಳಗೇ ಉಳಿದು ಕಾಲು ಜಾರಿ ಹೊರಬರುತ್ತದೆ. ಉದ್ದವಾಗಿದ್ದರೆ ಬೂಟು ಕಾಲಿನೊಡನೆಯೇ ಏಳುತ್ತದೆ, ಕಾಲು ಸಿಕ್ಕಿಕೊಳ್ಳುತ್ತದೆ. ಬೆರಳುದ್ದದ ದಾರ! ನಮ್ಮಾಕೆ ಬಗ್ಗಿ, ಒಂದೊಂದು ಬೂಟಿನ ದಾರವನ್ನೂ ಎಳೆದು ನೋಡಿದರು. ಎರಡು ದಾರ ಸವೆದಿದ್ದವು. ಉಪಾಧ್ಯಾಯರು ಅಲ್ಲಿಯೇ ಬದಲಾಯಿಸಿದರು.

ಕೆರೆಯೂ ಕೆಡಬಾರದು, ಮಕ್ಕಳೂ ಉಳಿಯಬೇಕು ಎಂಬ ಹಳೆಯ ಜಗಳಕ್ಕೆ ಈಗ ವಿದ್ಯುತ್ತಿನ ಯಂತ್ರದ ದೋಣಿ ಒಂದು ಉತ್ತರವಾಗಬಲ್ಲದು. ಅದಕ್ಕೆ ಹಣ ಬೇಕು. ಪಂದ್ಯದ ಬೆಳ್ಳಿಯ ಬಟ್ಟಲಿಗೆ ಚಂದಾ ಕೊಡುವವರು ಆ ದೋಣಿಗೂ ಕೊಡಬೇಕು. ಬಡಾವಣೆಯವರಾದ ನಾವು ಕೇಳುತ್ತಲೇ ಇರಬೇಕು. ಊರು ಕೊಳ್ಳೆ ಹೋದ ಮೇಲೆ ಕೋಟೆಯ ಬಾಗಿಲು ಹಾಕಿದರೇನು ಬಂತು?

ರಾಜ್ಯೋತ್ಸವದ ಸಂಚಿಕೆಗೆ ಈ ಮಾತುಗಳನ್ನು ಬರೆದುಕೊಡಬೇಕೆಂದು ಕಾರ್ಯದರ್ಶಿಗಳು ಹೇಳಿದ್ದಾರೆ. ದೋಣಿಗೂ ರಾಜ್ಯೋತ್ಸವಕ್ಕೂ ಏನೆಂದು ಯಾರಾದರೂ ಕೇಳಿದರೆ, ದೋಣಿ ನಡೆಸುತ್ತಿದ್ದ ಅಂಬಿಗರ ಚೌಡಯ್ಯನವರನ್ನು ಹನ್ನೆರಡನೆಯ ಶತಮಾನದಲ್ಲಿಯೇ ವಚನಕಾರರ ಸಾಲಿನಲ್ಲಿ ಕೂರಿಸಿದ ನುಡಿ ನಮ್ಮದೆಂದು ಹೇಳಿ. ಈ ಸಂಘದಲ್ಲಿಯೂ ಪಂದ್ಯಕ್ಕಿಳಿಯದ ದೋಣಿಗಳಿವೆ. 2021ರ ಬೇಸಿಗೆಯ ಆ ಕೆಟ್ಟ ದಿನಗಳಲ್ಲಿ ಯಾರದೋ ಮನೆಗೆ ಆಮ್ಲಜನಕದ ಸಿಲಿಂಡರು ಸಿಕ್ಕುವುದೇ ಎಂದು ರಾತ್ರಿಯೆಲ್ಲ ಟೆಲಿಫೋನು ಹಿಡಿದು ಕುಳಿತಿದ್ದವರು, ವರ್ಗವಾಗಿ ಬಂದಿಳಿದ ಸಂಸಾರವನ್ನು ಹೌರಾ ನಿಲ್ದಾಣದಿಂದ ಕರೆತಂದವರು. ಅವರು ವೇದಿಕೆ ಹತ್ತುವುದಿಲ್ಲ. ಇಂದೂ ಹಿಂದಿನ ಸಾಲಿನಲ್ಲಿ ಕುರ್ಚಿ ಜೋಡಿಸುತ್ತಿದ್ದಾರೆ.

ಕಾಗದದ ಗತಿ ಏನಾಯಿತೆಂದು ತಾವು ಕೇಳುವಿರಿ. ಅದು ಇನ್ನೂ ಮೇಜಿನ ಡ್ರಾಯರಿನಲ್ಲಿದೆ. ನಮ್ಮಾಕೆ ಒಂದು ಷರತ್ತು ಹಾಕಿದ್ದಾರೆ: ಹುಡುಗ ಅಂಗಿ ಚಡ್ಡಿ ತೊಟ್ಟುಕೊಂಡೇ ಈಜುಕೊಳದ ಉದ್ದವನ್ನು ನಿಲ್ಲದೆ ನಾಲ್ಕು ಸಲ ಈಜಬೇಕು. ಆಮೇಲೆ ರುಜು, ಅದೂ ಒಂದಲ್ಲ, ಇಬ್ಬರದೂ. ಹೋದ ಭಾನುವಾರ ಮೂರು ಸಲ ಈಜಿ ದಡ ಹಿಡಿದ. ನಾವೂ ಅವನ ಪಕ್ಕದಲ್ಲಿ, ಆಳವಿಲ್ಲದ ಕಡೆ, ನಲವತ್ತರ ಹೊಸ್ತಿಲಲ್ಲಿ ಕೈಕಾಲು ಬಡಿಯುವುದನ್ನು ಕಲಿಯುತ್ತಿದ್ದೇವೆ. ನಮ್ಮದು ಇನ್ನೂ ಅರ್ಧ ಉದ್ದ.